ಫ್ರಿಜ್ಜಿನ ಬಾಗಿಲ ಮೇಲಿನ ಡೇಟಾ ವೇರ್‌ಹೌಸಿನಲ್ಲಿ ನಾದಿನಿಯನ್ನು ‘ಅತಿಥಿ’ ಎಂದು ನಮೂದಿಸಿರುವ ಬಗ್ಗೆ

ಇಂದ:
ಅರ್ಜಿದಾರಳು,
ಸದಸ್ಯ ಸಂಖ್ಯೆ ೩ (ತಮ್ಮ ಹೆಂಡತಿ),
ಅಡುಗೆಮನೆ, ಒಲೆಯ ಎದುರು.

ಇವರಿಗೆ:
ಮಾನ್ಯ ಡೇಟಾ ವಿನ್ಯಾಸಕರು,
ಹಗಲು ಲಿಫ್ಟ್ ಕಂಪನಿ, ಸಂಜೆ ಮತ್ತು ರಜಾದಿನಗಳಲ್ಲಿ ಈ ಮನೆ,
ಸೋಫಾದ ಎಡತುದಿ, ಚಾರ್ಜರ್ ಪಕ್ಕ.

ಸೂಕ್ತ ಮಾರ್ಗದ ಮೂಲಕ:
ತಮ್ಮ ತಾಯಿಯವರು, ಕಿಟಕಿ ಪಕ್ಕದ ಕುರ್ಚಿ.

ವಿಷಯ: ‘ಮನೆಯವರು’ ಎಂಬ ಪಟ್ಟಿಯನ್ನು ತಿದ್ದುವ ಬಗ್ಗೆ, ಹಾಗೂ ತಿದ್ದಿದ ಮೇಲೆ ತಾವು ಚಪ್ಪಲಿ ಮೆಟ್ಟಿಕೊಂಡು ಹೊರಡುವ ಬಗ್ಗೆ.

ಉಲ್ಲೇಖ: ೧. ತಮ್ಮ ಬಾಯಿಮಾತಿನ ಆದೇಶ: “ಇನ್ಮೇಲೆ ಏನೇ ಬದಲಾವಣೆ ಬೇಕಿದ್ರೂ ಬರೆದು ಕೊಡಿ. ಬಾಯಲ್ಲಿ ಹೇಳಿದ್ದನ್ನ ನಾನು ಕಿವಿಗೆ ಹಾಕ್ಕೊಳಲ್ಲ.”
೨. ಅದಕ್ಕೆ ಅರ್ಜಿದಾರಳು ಆಗಲೇ ಕೊಟ್ಟ ಉತ್ತರ. (ಬರೆದಿಡಲು ಯೋಗ್ಯವಲ್ಲವಾದ್ದರಿಂದ ಕೈಬಿಡಲಾಗಿದೆ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರಳು ಹಗಲೆಲ್ಲ ಕಚೇರಿಯೊಂದರ ಟಪಾಲು ಮೇಜಿನಲ್ಲಿ ಕುಳಿತು ಊರವರ ಅರ್ಜಿಗಳಿಗೆ ಸೀಲು ಒತ್ತುವವಳು. ಅರ್ಜಿ ಹೇಗಿರಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಗೆ ಬಂದು ಸ್ವಂತ ಗಂಡನಿಗೂ ಒಂದು ಬರೆಯಬೇಕಾದೀತೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನೊಂದು ವಿಚಾರ. ಅತಿಥಿಗಳನ್ನು ಬಹುವಚನದಲ್ಲಿ ಕರೆಯುವುದು ವಾಡಿಕೆ. ಕಾರಣ, ಈ ಅರ್ಜಿಯುದ್ದಕ್ಕೂ ನಾದಿನಿಯನ್ನು ಬೇಕೆಂದೇ ಏಕವಚನದಲ್ಲಿ ಕರೆಯಲಾಗಿದೆ.

೧. ತಮ್ಮ ಕಂಪನಿಯು ಲಿಫ್ಟ್ ಮಾರುತ್ತದೆ, ಕೆಟ್ಟರೆ ರಿಪೇರಿ ಮಾಡುತ್ತದೆ, ಎರಡಕ್ಕೂ ಬಿಲ್ ಕಳಿಸುತ್ತದೆ. ಮೂರು ಕೆಲಸಕ್ಕೆ ಮೂರು ವಿಭಾಗ, ಮೂವರು ಮುಖ್ಯಸ್ಥರು, ಮೂರು ಬಗೆಯ ಲೆಕ್ಕ. ಇದನ್ನೆಲ್ಲ ಒಂದು ಹದಕ್ಕೆ ತರುವ ಹೊಣೆಯನ್ನು ತಮ್ಮ ಬಾಸ್ ತಮ್ಮ ತಲೆಗೆ ಕಟ್ಟಿದ್ದಾರೆ. ದಾರಿ ಎರಡು. ದೊಡ್ಡದೊಂದು ಉಗ್ರಾಣ ಕಟ್ಟಿ, ಕಂಪನಿಯ ಸಕಲ ಮಾಹಿತಿಯನ್ನೂ ಅಲ್ಲಿಗೆ ತುಂಬಿ, ಯಾರಿಗೆ ಏನು ಬೇಕಿದ್ದರೂ ಅಲ್ಲಿಂದಲೇ ಅಳೆದು ಕೊಡುವುದು ಒಂದು. ಇದಕ್ಕೆ ವೇರ್‌ಹೌಸ್ ಎನ್ನುತ್ತೀರಿ. ವಿಭಾಗಕ್ಕೊಂದು ಪುಟ್ಟ ಅಂಗಡಿ ಇಟ್ಟುಕೊಟ್ಟು, ಅವರವರ ಸಾಮಾನನ್ನು ಅವರವರೇ ಜೋಡಿಸಿಕೊಳ್ಳಲಿ ಎಂದು ಬಿಡುವುದು ಇನ್ನೊಂದು. ಇದು ಡೇಟಾ ಮಾರ್ಟ್. ಯಾವುದೆಂದು ಸೋಮವಾರ ಬೆಳಗ್ಗೆ ತಾವು ಮೂವರ ಮುಂದೆ ನಿಂತು ಹೇಳಬೇಕಾಗಿದೆ. ತಿಂಗಳುಗಳಿಂದ ತಾವು ಇದೊಂದನ್ನೇ ಯೋಚಿಸುತ್ತ, ಅನ್ನಕ್ಕೆ ನೀರು ಹಾಕಿಕೊಂಡು ಉಂಡರೂ ಗೊತ್ತಾಗದ ಸ್ಥಿತಿಯಲ್ಲಿದ್ದೀರಿ. ಒಮ್ಮೆ ಹಾಕಿ ನೋಡಲಾಗಿದೆ. ಗೊತ್ತಾಗಲಿಲ್ಲ.

೨. ತಾವು ಇನ್ನೂ ಮನುಷ್ಯರಂತೆ ಮಾತಾಡುತ್ತಿದ್ದ ಕಾಲದಲ್ಲಿ, ಒಂದು ಸಂಜೆ ಟೀ ಕುಡಿಯುತ್ತ ಹೇಳಿದ್ದು ಅರ್ಜಿದಾರಳಿಗೆ ಚೆನ್ನಾಗಿ ನೆನಪಿದೆ. ‘ಗ್ರಾಹಕ’ ಅಂದರೆ ಯಾರು ಎಂದು ಕೇಳಿದರೆ, ಮಾರಾಟದವರು ಕಟ್ಟಡ ಎನ್ನುತ್ತಾರಂತೆ. ರಿಪೇರಿಯವರು ಒಂದೊಂದು ಲಿಫ್ಟೂ ಒಬ್ಬೊಬ್ಬ ಗ್ರಾಹಕ ಎನ್ನುತ್ತಾರಂತೆ. ಲೆಕ್ಕದವರು ಮಾತ್ರ ದುಡ್ಡು ಕೊಡುವವನೇ ಗ್ರಾಹಕ, ಮಿಕ್ಕವರೆಲ್ಲ ಸುಮ್ಮನೆ ಜನ ಎನ್ನುತ್ತಾರಂತೆ. ಆಗ ತಾವೇ ಲೋಟ ಕೆಳಗಿಟ್ಟು ಹೇಳಿದಿರಿ: “ಹಾಗಾದ್ರೆ ಕರೆಂಟ್ ಹೋಗಿ ಲಿಫ್ಟ್ ಒಳಗೆ ಸಿಕ್ಕಾಕೊಂಡು ಬಾಗಿಲು ಬಡೀತಾನಲ್ಲ, ಅವನು ಯಾರ ಗ್ರಾಹಕ? ನೋಡ್ದೆ ಕಣೇ, ಅವನು ಯಾರ ಪಟ್ಟೀಲೂ ಇಲ್ಲ! ಕೂಗ್ತಾ ಇರೋನು ಅವನೊಬ್ಬನೇ, ಇಲ್ದೇ ಇರೋನೂ ಅವನೊಬ್ಬನೇ!” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾದಿನಿಯೂ ಅಲ್ಲೇ ಇದ್ದಳು, ಎಲ್ಲರಿಗಿಂತ ಜೋರಾಗಿ ನಕ್ಕವಳೇ ಅವಳು.

೩. ತದನಂತರ ತಾವು, ಕಂಪನಿಯಲ್ಲಿ ಕಟ್ಟುವ ಮೊದಲು ಮನೆಯಲ್ಲಿ ಪರೀಕ್ಷಿಸುವುದೇ ವಿಹಿತವೆಂದು ತೀರ್ಮಾನಿಸಿ, ಮಗಳ ಹಳೇ ಟ್ಯಾಬನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಿರಿ. ಮನೆಯಲ್ಲಿ ಏನಿದೆ, ಏನು ಮುಗಿದಿದೆ, ಯಾರು ಬಂದರು ಎಂಬುದನ್ನು ಎಲ್ಲರೂ ಅಲ್ಲೇ ಬರೆಯತಕ್ಕದ್ದು, ಅಲ್ಲೇ ಓದತಕ್ಕದ್ದು, ಬರೆದದ್ದೆಲ್ಲ ಮರುದಿನ ಬೆಳಗ್ಗೆ ಒಮ್ಮೆ ಒಟ್ಟಿಗೆ ಒಳಗೆ ಸೇರತಕ್ಕದ್ದು ಎಂದು ಅಪ್ಪಣೆಯಾಯಿತು. ಮೊದಲ ಸಂಜೆಯೇ ಅತ್ತೆಯವರು ಹಾಲು ಮುಗಿದಿದೆ ಎಂದರು. ತಾವು ಟ್ಯಾಬ್ ನೋಡಿ, “ಇಲ್ಲಮ್ಮ, ದಾಖಲೆ ಪ್ರಕಾರ ಅರ್ಧ ಲೀಟರ್ ಇದೆ,” ಎಂದಿರಿ. ಅತ್ತೆಯವರು ಖಾಲಿ ಪಾತ್ರೆಯನ್ನು ತಮ್ಮ ಮೂಗಿನ ಕೆಳಗೆ ಹಿಡಿದರು. ತಾವು, “ಅದು ನಾಳೆ ಬೆಳಗ್ಗೆ ಖಾಲಿ ಆಗತ್ತೆ,” ಎಂದಿರಿ. ಅದಕ್ಕೆ ಅತ್ತೆಯವರು, “ಹಾಗಾದ್ರೆ ದಾಖಲೇನೇ ಕಾಯಿಸಿ ಕುಡಿಯಪ್ಪ,” ಎಂದು ಪಾತ್ರೆ ಅಲ್ಲೇ ಕುಕ್ಕಿ ಹೋದರು. ಆ ಸಂಜೆ ಮನೆಯಲ್ಲಿ ಯಾರಿಗೂ ಟೀ ಸಿಗಲಿಲ್ಲವೆಂಬುದು ದಾಖಲೆಯಲ್ಲಿಲ್ಲ.

೪. ಇದರಿಂದ ಎಚ್ಚೆತ್ತ ತಾವು ಮುಂದಿನ ವಾರ ಮಾರ್ಟ್ ಪದ್ಧತಿಗೆ ಜಿಗಿದಿರಿ. ಅತ್ತೆಯವರಿಗೆ ಔಷಧಿ ಮತ್ತು ಗ್ಯಾಸು, ಅರ್ಜಿದಾರಳಿಗೆ ದಿನಸಿ, ಮಗಳಿಗೆ ಶಾಲೆಯದ್ದು. ಮಗಳ ಅಂಗಡಿಯಲ್ಲಿ ಪ್ರತಿದಿನ “ಚಾಕಲೇಟ್: ಖಾಲಿ” ಎಂಬ ಒಂದೇ ಸಾಲು. ಸೋಪು ದಿನಸಿಯೋ ಔಷಧಿಯೋ ಶಾಲೆಯದ್ದೋ ಎಂದು ಯಾರೂ ಹೇಳದೇ ಇದ್ದ ಕಾರಣ ಮೂವರೂ ಸೋಪು ತಂದೆವು. ಗ್ಯಾಸು ತನ್ನದೆಂದು ಅತ್ತೆಯವರಿಗೆ ಗೊತ್ತಿತ್ತು, ಆದರೆ ಟ್ಯಾಬಿನಲ್ಲಿ ಬರೆದದ್ದನ್ನು ತಾವೇ ನೋಡಿಕೊಳ್ಳುತ್ತೀರೆಂದು ಅವರು ತಿಳಿದಿದ್ದರು. ಆದ್ದರಿಂದ ಗ್ಯಾಸು ಮುಗಿಯಿತು. ಆದ್ದರಿಂದ ಅಂದು ಹಸಿ ತರಕಾರಿ ತಿಂದೆವು. ಕೈ ಮಾತ್ರ ಚೆನ್ನಾಗಿ ತೊಳೆದುಕೊಂಡೆವು.

ಇಲ್ಲಿಯವರೆಗಿನದ್ದರ ಬಗ್ಗೆ ಅರ್ಜಿದಾರಳ ತಕರಾರೇನೂ ಇಲ್ಲ. ತಾವು ತಲೆ ಕೆರೆದುಕೊಳ್ಳುವುದನ್ನು ನೋಡಿ ಪಾಪ ಎನಿಸಿದ್ದೂ ಉಂಟು.

೫. ಮೂರನೆಯ ಪ್ರಯತ್ನವಾಗಿ ತಾವು, ಎಲ್ಲ ಅಂಗಡಿಗೂ ಸಲ್ಲುವ ಒಂದು ಪಟ್ಟಿ ಬೇಕೆಂದು ಹೇಳಿ ‘ಮನೆಯವರು’ ಎಂಬುದನ್ನು ಒಬ್ಬರೇ ಕೂತು ತಯಾರಿಸಿದಿರಿ. ಯಾರನ್ನೂ ಕೇಳಲಿಲ್ಲ. ನಿಯಮ ಹೀಗಿತ್ತು: ಈ ಮನೆಯಲ್ಲಿ ಮಲಗುವವರು ಸದಸ್ಯರು, ಬಂದು ಹೋಗುವವರು ಅತಿಥಿಗಳು. ಅದರಂತೆ ಅತ್ತೆಯವರು, ತಾವು, ಅರ್ಜಿದಾರಳು, ಮಗಳು ಒಂದರಿಂದ ನಾಲ್ಕು. ಪಕ್ಕದ ಮನೆಯವರ ಬೆಕ್ಕು ನಮ್ಮ ಬಾಲ್ಕನಿಯ ಚಪ್ಪಲಿ ಗೂಡಿನಲ್ಲಿ ದಿನಾ ಮಲಗುವ ಕಾರಣ ಮಗಳು ಅದನ್ನೂ ಸೇರಿಸಿದಳು, ತಾವು ನಿಯಮ ಓದಿ ನೋಡಿ ಒಪ್ಪಿಕೊಂಡಿರಿ. ಬೆಕ್ಕು ಸದಸ್ಯ ಸಂಖ್ಯೆ ೫. ಅದರ ಕೆಳಗೆ ಗೆರೆ ಎಳೆದು, ‘ಅತಿಥಿ ಸಂಖ್ಯೆ ೧’ ಎಂದು ತಮ್ಮ ಸ್ವಂತ ತಂಗಿಯನ್ನು ಬರೆದಿರಿ.

೬. ಈ ಅತಿಥಿಯ ಪೂರ್ವಾಪರ ತಮಗೆ ತಿಳಿದದ್ದೇ. ಆದರೂ ಅರ್ಜಿಯ ಪದ್ಧತಿಯಂತೆ ವಿವರಿಸಲಾಗಿದೆ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಹಗಲೆಲ್ಲ ಇನ್ನೊಬ್ಬರ ಬ್ರೇಕು ನಂಬಿಕೊಂಡು ಬದುಕಿ ಸಂಜೆ ಮನೆಗೆ ಬರುವವಳು. ಗಂಡನ ಮನೆಯನ್ನು ಬಿಟ್ಟು ಬಂದಾಗ ತಾವು “ಇಲ್ಲೇ ಇರು” ಎಂದಿರಿ. ಎರಡು ಕೋಣೆಯ ಮನೆಯಲ್ಲಿ ಅವಳು ಎಲ್ಲಿ ಇರುವುದು? ಎರಡು ಬೀದಿ ಆಚೆ ಒಂದು ರೂಮು ಹಿಡಿದಳು. ಆ ದಿನ ಅರ್ಜಿದಾರಳು ಅವಳ ಹಾಸಿಗೆ ಹೊತ್ತುಕೊಂಡು ಮೆಟ್ಟಿಲು ಹತ್ತುವಾಗ ಅವಳು ಹೇಳಿದ್ದು: “ರೂಮು ಬರೀ ಮಲಗೋಕೆ ಅತ್ತಿಗೆ. ಇರೋದು ನಿಮ್ಮನೇಲೇ.” ಅಂದಿನಿಂದ ತನ್ನ ಬೀಗದಕೈಯಲ್ಲಿ ನಮ್ಮ ಬಾಗಿಲು ತೆಗೆದುಕೊಂಡು ಒಳಗೆ ಬರುತ್ತಾಳೆ. ಯಾರನ್ನೂ ಕೇಳದೆ ಪಾತ್ರೆಯ ತಳ ಕೆರೆದು ತಿನ್ನುತ್ತಾಳೆ. ಕಿವಿ ಮುರಿದ ಲೋಟ ಅವಳದ್ದು, ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಜಗಳ. ತಮ್ಮ ಸೋಫಾದ ಬಲತುದಿಯಲ್ಲಿ ಕಾಲು ಮಡಚಿ ಕೂತು, ತಮ್ಮನ್ನೇ ರೇಗಿಸುತ್ತಾಳೆ.

೭. ಪಟ್ಟಿ ಬಿದ್ದ ದಿನ ಅವಳು ನೀರಿಗೆಂದು ಫ್ರಿಜ್ಜಿನ ಮುಂದೆ ಹೋದಳು. ಪಟ್ಟಿ ಓದಿದಳು. ಆಮೇಲೆ ನಕ್ಕು, “ಅತ್ತಿಗೆ, ಅತಿಥಿಗೆ ಟೀ ಗೀ ಏನಾದ್ರೂ ಉಂಟಾ?” ಎಂದಳು. ಅರ್ಜಿದಾರಳೂ ತಮಾಷೆಗೆ ಸಾಸರ್ ಇರುವ ಕಪ್ಪಿನಲ್ಲೇ ಕೊಟ್ಟಳು. ಇದು ಅರ್ಜಿದಾರಳ ತಪ್ಪು. ನಾದಿನಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಕುಡಿದು, “ಥ್ಯಾಂಕ್ಸ್, ಬರ್ತೀನಿ,” ಎಂದು ಹೊರಟಳು. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಈ ಮನೆಯಲ್ಲಿ ಥ್ಯಾಂಕ್ಸ್ ಕೇಳಿದ್ದು ಅದೇ ಮೊದಲು.

ಮರುದಿನ ಸಂಜೆ ಬೆಲ್ ಆಯಿತು. ಯಾರಪ್ಪ ಎಂದುಕೊಂಡು ಅತ್ತೆಯವರು ಬಾಗಿಲು ತೆಗೆದರೆ ನಾದಿನಿ. ಕೈಯಲ್ಲಿ ಬೀಗದಕೈ ಇಟ್ಟುಕೊಂಡೇ ಬೆಲ್ ಒತ್ತಿದ್ದಳು. “ಬೀಗದಕೈ ಮರೆತ್ಯೇನೇ?” ಎಂದು ಅತ್ತೆಯವರು ಕೇಳಿದರು. “ಇಲ್ಲಮ್ಮ,” ಎಂದಳು, ಅಷ್ಟೇ. ಅದರ ಮರುದಿನವೂ ಬೆಲ್ಲು, ಕೈಯಲ್ಲಿ ಒಂದು ಚೀಲ ಹಣ್ಣು. ತವರಿಗೆ ಬರುವ ಮಗಳು ನೆಂಟರಂತೆ ಹಣ್ಣು ಹಿಡಿದುಕೊಂಡು ನಿಂತದ್ದನ್ನು ನೋಡಿ ಅತ್ತೆಯವರ ಮುಖ ಇಷ್ಟೇ ಇಷ್ಟಾಯಿತು. ಚೀಲ ಇಸಿದುಕೊಂಡು ಒಳಗೆ ಹೋದವರು ಅವಳು ಹೋಗುವವರೆಗೂ ಹೊರಗೆ ಬರಲಿಲ್ಲ. ಅಂದಿನಿಂದ ನಾದಿನಿ ಬಂದಿಲ್ಲ. ಫೋನು ಮಾಡಿದರೆ ಕ್ಲಾಸ್ ಇದೆ ಎನ್ನುತ್ತಾಳೆ. ಜಗತ್ತೇ ಕಾರು ಕಲಿಯಲು ಹೊರಟಿದೆಯೋ ಏನೋ.

ಇದನ್ನು ತಮಗೆ ಬಾಯಿಮಾತಿನಲ್ಲಿ ಹೇಳಲಾಗಿ ತಾವು, “ತಮಾಷೆ ಮಾಡ್ತಿರ್ತಾಳೆ ಬಿಡು. ನಿಯಮ ಅಂದ್ಮೇಲೆ ತಂಗಿಗೊಂದು, ಇನ್ನೊಬ್ಬರಿಗೊಂದು ಮಾಡೋಕಾಗತ್ತಾ?” ಎಂದಿರಿ.

೮. ಹಣ್ಣನ್ನು ಯಾರೂ ಮುಟ್ಟಿರಲಿಲ್ಲ. ನಿನ್ನೆ ಅದು ಕೊಳೆಯುತ್ತಿದೆಯೆಂದು ಅತ್ತೆಯವರು ಚೀಲ ಸುರಿದಾಗ, ತಳದಲ್ಲಿ ನಮ್ಮ ಮನೆಯ ಬೀಗದಕೈ ಇತ್ತು. ಅತ್ತೆಯವರು ಅದನ್ನು ಸೆರಗಿನಲ್ಲಿ ಒರೆಸಿ ಅರ್ಜಿದಾರಳ ಕೈಗಿತ್ತು, “ನಂಗೆ ನೋಡೋಕಾಗಲ್ಲ, ನೀನೇ ಎಲ್ಲಾದ್ರೂ ಇಡು,” ಎಂದರು. ಅರ್ಜಿದಾರಳಿಗೆ ಅಳುವೂ ಬಂತು. ತಮ್ಮ ಮೇಲೆ ಸಿಟ್ಟೂ ಬಂತು, ಅದು ಇನ್ನೂ ಇದೆ.

೯. ತಮ್ಮ ಕಂಪನಿಯ ವಿಚಾರದಲ್ಲಿ ಮೂಗು ತೂರಿಸುವ ಅಧಿಕಾರ ಅರ್ಜಿದಾರಳಿಗಿಲ್ಲ. ಆದರೂ ಎರಡೂ ಪದ್ಧತಿಯಲ್ಲಿ ಉಪವಾಸ ಬಿದ್ದವಳಾದ ಕಾರಣ ಒಂದು ಮಾತು. ಟೀ ತಪ್ಪಿದ್ದು ಉಗ್ರಾಣ ದೊಡ್ಡದಾದ್ದರಿಂದಲ್ಲ, ಗ್ಯಾಸು ಮುಗಿದದ್ದು ಅಂಗಡಿ ಸಣ್ಣದಾದ್ದರಿಂದಲ್ಲ. ಅತ್ತೆಯವರಿಗೆ ‘ಹಾಲು ಇದೆ’ ಎಂದರೆ ಎಲ್ಲರ ಟೀಗೂ ಆಗುವಷ್ಟಿದೆ ಎಂದರ್ಥ. ತಮಗೆ ಟ್ಯಾಬಿನಲ್ಲಿ ಬರೆದಿದೆ ಎಂದರ್ಥ. ಆದ್ದರಿಂದ ಎಲ್ಲರೂ ಬಳಸುವ ನಾಲ್ಕು ಮಾತನ್ನು ಮೊದಲು ಎಲ್ಲರೂ ಒಂದೇ ಮೇಜಿಗೆ ಕೂತು ಒಪ್ಪಿಕೊಳ್ಳಬೇಕು. ಗ್ರಾಹಕ ಯಾರೆಂದು ತಮ್ಮ ಮೂವರು ಮುಖ್ಯಸ್ಥರೂ ಜಗಳವಾಡಿಯಾದರೂ ಒಂದು ತೀರ್ಮಾನಕ್ಕೆ ಬರಲಿ. ಆ ಪಟ್ಟಿ ಒಂದೇ ಇರಲಿ, ಎಲ್ಲರದ್ದೂ ಆಗಿರಲಿ. ಮಿಕ್ಕ ಸಾಮಾನು ಅವರವರ ಅಂಗಡಿಯಲ್ಲಿ ಇದ್ದುಕೊಳ್ಳಲಿ, ಯಾರ ಗಂಟೂ ಹೋಗುವುದಿಲ್ಲ. ಆದರೆ ಆ ಒಂದು ಪಟ್ಟಿಯನ್ನು ಒಬ್ಬರೇ ಕೂತು ಬರೆಯಬಾರದು. ಬರೆಯುವಾಗ ಬಾಗಿಲು ಬಡಿಯುತ್ತಿರುವವನನ್ನು ಮರೆಯಬಾರದು.

ಅವನ ವಿಚಾರದಲ್ಲಿ ತಮಗೆ ಅಷ್ಟು ನಗು ಬಂದಿತ್ತು. ತಮ್ಮ ತಂಗಿ ಗಂಡನ ಮನೆಯ ಪಟ್ಟಿಯಲ್ಲಿ ಇಲ್ಲ. ಈಗ ನಮ್ಮದರಲ್ಲೂ ಇಲ್ಲ. ಅವಳು ಕೂಗಲೂ ಇಲ್ಲ, ಬೆಲ್ ಒತ್ತಿದಳು.

ಆದಕಾರಣ, ಮೇಲ್ಕಂಡ ಎಲ್ಲ ಅಂಶಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ತಾವು ದಯಮಾಡಿ:

(ಅ) ‘ಮಲಗುವವರು’ ಎಂಬ ನಿಯಮವನ್ನು ಕೂಡಲೇ ರದ್ದುಪಡಿಸಿ, ಅತ್ತೆಯವರು ಯಾರನ್ನು ಮನೆಯವರೆನ್ನುತ್ತಾರೋ ಅವರೇ ಮನೆಯವರೆಂದು ತಿದ್ದುಪಡಿ ಮಾಡಬೇಕಾಗಿಯೂ,

(ಆ) ಬೆಕ್ಕಿನ ಸದಸ್ಯತ್ವಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳಬೇಕಾಗಿಯೂ (ಇದು ಮಗಳ ಷರತ್ತು),

(ಇ) ಇದರೊಂದಿಗೆ ಲಗತ್ತಿಸಿರುವ ಬೀಗದಕೈಯನ್ನು, ಕೊರಿಯರ್ ಮೂಲಕವಾಗಲಿ ಅರ್ಜಿದಾರಳ ಮೂಲಕವಾಗಲಿ ಕಳಿಸದೆ, ಇಂದು ಸಂಜೆಯೇ ತಾವು ಖುದ್ದಾಗಿ ಎರಡು ಬೀದಿ ನಡೆದುಹೋಗಿ ತಂಗಿಯ ಕೈಗೆ ಕೊಡಬೇಕಾಗಿಯೂ, ನಿಯಮ ಗಿಯಮ ಎಂದು ಬಾಯಿ ತೆರೆಯದೆ “ಬಾ” ಎಂಬ ಒಂದು ಮಾತನ್ನಷ್ಟೇ ಆಡಬೇಕಾಗಿಯೂ,

ಈ ಮೂಲಕ ಕೋರಲಾಗಿದೆ. ಮುಂದೆ ಈ ಮನೆಯಲ್ಲಿ ಅವಳಿಂದ ಬೆಲ್ ಆಗಕೂಡದು.

ತಮ್ಮ ವಿಶ್ವಾಸಿ, ಸದ್ಯಕ್ಕೆ,
ಸದಸ್ಯ ಸಂಖ್ಯೆ ೩
(ತಾವು ಹೋಗದ ಪಕ್ಷದಲ್ಲಿ ಅತಿಥಿ ಸಂಖ್ಯೆ ೨ ಆಗಲು ಸಿದ್ಧಳಿರುತ್ತಾಳೆ)

ಲಗತ್ತುಗಳು:
೧. ಬೀಗದಕೈ, ಒಂದು. ಮೂಲಪ್ರತಿ.
೨. ಕಿವಿ ಮುರಿದ ಲೋಟ. ತೊಳೆದು ಅದರ ಜಾಗದಲ್ಲೇ ಇಡಲಾಗಿದೆ, ಪರಿಶೀಲಿಸಿಕೊಳ್ಳಬಹುದು.
೩. ಸೋಪು, ಹೆಚ್ಚುವರಿ. ತಂಗಿಗೂ ಒಂದೆರಡು ಒಯ್ಯುವುದು.

ಮಾರ್ಗಾಧಿಕಾರಿಗಳ ಶಿಫಾರಸು:
ಓದಿಸಿ ಕೇಳಿದೆ. ಎಲ್ಲ ಸರಿಯಾಗೇ ಬರ್ದಿದಾಳೆ. ಹೋಗಿ ಕರ್ಕೊಂಡ್ ಬಾ. ಬರೋವಾಗ ಇಬ್ರೂ ಹಾಲು ತಗೊಂಡ್ ಬನ್ನಿ, ದಾಖಲೇಲಿ ಎಷ್ಟಾದ್ರೂ ಇರ್ಲಿ.
— ಅಮ್ಮ