ಮಲೇಷ್ಯಾದಲ್ಲಿ ಆದ ಪಾದಪೂಜೆ

ನನ್ನ ಪಾದಗಳು ಪೂಜೆಗೆ ಲಾಯಕ್ಕಾದವಲ್ಲ. ಕಾಗದದ ಕಾರ್ಖಾನೆಯ ಒದ್ದೆ ನೆಲದ ಮೇಲೆ ಮೂವತ್ತು ವರ್ಷ ನಿಂತ ಪಾದಗಳು; ಹಿಮ್ಮಡಿ ಒಡೆದು, ಬೆರಳ ಸಂದಿ ಬೆಳ್ಳಗಾಗಿ, ನಾನೇ ನೋಡಲು ಹಿಂಜರಿಯುವಂಥವು. ಆದರೂ ವರ್ಷಕ್ಕೊಮ್ಮೆ, ಭೀಮನ ಅಮಾವಾಸ್ಯೆಯ ದಿನ, ಹೆಂಡತಿ ಸುಮಿತ್ರಾ ಅವನ್ನು ತಟ್ಟೆಯಲ್ಲಿಟ್ಟು ತೊಳೆದು, ಅರಿಶಿನ ಕುಂಕುಮ ಹಚ್ಚಿ, ನನ್ನ ಆಯುಸ್ಸು ಹೆಚ್ಚಲಿ ಎಂದು ಬೇಡಿಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿ ಗಂಡಸು ಎಲ್ಲಿ ನೋಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ನಾನು ಫ್ಯಾನ್ ನೋಡುತ್ತಿದ್ದೆ. ಅವಳು ಬಗ್ಗಿ ನಮಸ್ಕರಿಸಿದರೆ ಆಶೀರ್ವಾದ ಮಾಡುವುದು ಬಿಟ್ಟು, "ಸಾಕು ಏಳು ಮಾರಾಯ್ತಿ, ಡ್ಯೂಟಿಗೆ ಹೊತ್ತಾಯ್ತು" ಎನ್ನುತ್ತಿದ್ದೆ.

ನಿವೃತ್ತನಾಗಿ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಭದ್ರಾವತಿಯ ಜನ್ನಾಪುರಕ್ಕೆ ಬಂದ ಮೇಲೆ ಇಬ್ಬರೂ ಒಂದು ಗುಂಪಿನ ಜೊತೆ ಮಲೇಷ್ಯಾ ನೋಡಲು ಹೋದೆವು. ಆಷಾಢದಲ್ಲಿ ಟಿಕೆಟ್ ಸುಲಭವಾಗಿ ಸಿಕ್ಕಿತ್ತು. ಆಷಾಢದ ಕೊನೆಯಲ್ಲಿ ಅಮಾವಾಸ್ಯೆ ಇರುತ್ತದೆ ಎಂಬುದು ಇಬ್ಬರಿಗೂ ಮರೆತಿತ್ತು. ಮೂರನೆಯ ದಿನ ಬೆಳಿಗ್ಗೆ, ಎಲ್ಲರೂ ಅವಳಿ ಗೋಪುರ ನೋಡಲು ವ್ಯಾನ್ ಹತ್ತುವ ಹೊತ್ತಿಗೆ, ಅವಳ ತಂಗಿ ಸರಳಾಳಿಂದ ಮೊಬೈಲಿಗೆ ಒಂದು ಫೋಟೊ ಬಂತು. ಸರಳಾಳ ಗಂಡನ ಎರಡು ಪಾದ, ಹೂವಿನ ಸಮೇತ. ಕೆಳಗೆ, "ಅಕ್ಕಾ, ನಿಂದು ಪೂಜೆ ಆಯ್ತಾ?"

ಸುಮಿತ್ರಾ ಮಂಚದ ಮೇಲೆ ಕೂತುಬಿಟ್ಟಳು. "ರೀ, ಶೂ ಬಿಚ್ಚಿ."

"ಗೋಪುರ?"

"ಅದು ನಾಳೆನೂ ಇರತ್ತೆ. ಬಿಚ್ಚಿ ಅಂದ್ರೆ."

ಅರಿಶಿನ ಕುಂಕುಮದ ಡಬ್ಬಿ ಅವಳ ಬ್ಯಾಗಿನಲ್ಲಿ ಯಾವತ್ತೂ ಇರುತ್ತಿತ್ತು. ಸೀರೆಯ ಅಂಚಿನಿಂದ ದಾರ ಎಳೆದು ಅರಿಶಿನ ತಿಕ್ಕಿ ಒಂಬತ್ತು ಗಂಟು ಹಾಕಿದಳು. ಟೀ ಕಪ್ಪುಗಳಿಟ್ಟಿದ್ದ ಟ್ರೇಯೇ ಪೂಜೆಯ ತಟ್ಟೆಯಾಯಿತು. ನನ್ನ ಕಾಲ ಕೆಳಗೆ ಹೋಟೆಲಿನ ಬಿಳಿ ಟವೆಲ್. ಎಲ್ಲ ಆದ ಮೇಲೆ ಅವಳು ಬಾಗಿಲ ಕಡೆ ನೋಡಿ ಪೆಚ್ಚಾದಳು. ಈ ವ್ರತದಲ್ಲಿ ಕಡುಬಿನೊಳಗೆ ನಾಣ್ಯವಿಟ್ಟು ಹೊಸಿಲ ಮೇಲಿಡಬೇಕು, ಅಣ್ಣನೋ ತಮ್ಮನೋ ಅದನ್ನು ಮೊಣಕೈಯಿಂದ ಒಡೆಯಬೇಕು. ಕಡುಬಿಲ್ಲ, ಹೊಸಿಲಿಲ್ಲ, ಅಣ್ಣನಿಲ್ಲ. ಇದ್ದವನು ನಾನೊಬ್ಬ, ಆ ಕೆಲಸಕ್ಕೆ ನಾನು ಬರುವ ಹಾಗಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿಯಿತು. ನಮ್ಮನ್ನು ಕರೆಯಲು ವ್ಯಾನಿನ ಡ್ರೈವರ್ ಸೆಲ್ವಂ ಬಂದಿದ್ದ, ಅಲ್ಲಿಯೇ ಹುಟ್ಟಿ ಬೆಳೆದ ಐವತ್ತರ ತಮಿಳಿನವನು. ಕ್ವಾರ್ಟರ್ಸಿನ ನೆರೆಹೊರೆಯವರಿಂದ ಕಲಿತ ತಮಿಳಿನಲ್ಲಿ ಸುಮಿತ್ರಾ, "ಅಣ್ಣೇ, ಕೊಂಜಂ ಇರುಂಗೊ" ಎಂದು ಅವನನ್ನು ಅಲ್ಲೇ ನಿಲ್ಲಿಸಿ ಎಲ್ಲ ವಿವರಿಸಿದಳು. ಬಾಗಿಲಿಗೆ ಅಡ್ಡವಾಗಿ ಇನ್ನೊಂದು ಟವೆಲ್ ಮಡಚಿಟ್ಟು ಹೊಸಿಲು ಮಾಡಿದಳು. ತಿಂಡಿಗೆ ಕೊಟ್ಟಿದ್ದ ಬನ್ನಿನೊಳಗೆ ಅಲ್ಲಿನ ಒಂದು ನಾಣ್ಯ ತುರುಕಿದಳು. ಸೆಲ್ವಂ ಭಕ್ತಿಯಿಂದ ಮೊಣಕಾಲೂರಿ ಮೊಣಕೈಯಿಂದ ಗುದ್ದಿದ. ಬನ್ನು ಚಪ್ಪಟೆಯಾಗಿ ಮತ್ತೆ ಉಬ್ಬಿತು. ಇನ್ನೊಮ್ಮೆ ಗುದ್ದಿದ, ಮತ್ತೆ ಉಬ್ಬಿತು. ಮೂರನೆಯ ಏಟಿಗೆ ನಾಣ್ಯ ಹಾರಿ ವರಾಂಡದ ಉದ್ದಕ್ಕೂ ಉರುಳಿತು, ಹಿಂದೆ ಸೆಲ್ವಂ ಓಡಿದ. ಸುಮಿತ್ರಾ ಗೋಡೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

ಹೊರಗಿನವನೊಬ್ಬ ನೋಡುತ್ತಿದ್ದಾನಲ್ಲ ಎಂಬ ಜಂಬಕ್ಕೆ, ಅವಳು ನಮಸ್ಕರಿಸಿದಾಗ ನಾನು ಕೈಯೆತ್ತಿ ಗಟ್ಟಿಯಾಗಿ, "ದೀರ್ಘ ಸುಮಂಗಲೀ ಭವ" ಎಂದೆ.

"ಅಬ್ಬಾ, ಮೂವತ್ತೊಂದು ವರ್ಷಕ್ಕೆ ಬಾಯಿಂದ ಬಂತಲ್ಲ" ಎಂದಳು.

ಮುಂದಿನ ಬೇಸಿಗೆಯಲ್ಲಿ, ಹೊಟ್ಟೆನೋವೆಂದು ಮಲಗಿದವಳು ಹನ್ನೊಂದನೆಯ ದಿನ ಹೋಗಿಬಿಟ್ಟಳು. ಮಾತನಾಡಿಸಲು ಬಂದವರೆಲ್ಲ, "ಮುತ್ತೈದೆ ಸಾವು, ಪುಣ್ಯವಂತೆ" ಎಂದರು. ಆಗ ನನಗೆ ಹೊಳೆಯಿತು. ಅವಳು ನನ್ನ ಆಯುಸ್ಸು ಬೇಡಿದ್ದಳು. ನಾನು, ನನಗಿಂತ ಮೊದಲು ನೀನು ಹೋಗು ಅಂತ ಹರಸಿದ್ದೆ. ಎರಡೂ ಒಂದೇ ಮಾತು. ಜನ್ಮದಲ್ಲಿ ನಾನಾಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ ಇರಬೇಕು.

ಹೀಗೆ ನನ್ನ ಪಾಲಿಗೆ ಬಂದ ಆಯುಸ್ಸು ನನಗೆ ಬೇಕಿರಲಿಲ್ಲ. ಈ ಸಲ ಭೀಮನ ಅಮಾವಾಸ್ಯೆ ಹತ್ತಿರ ಬಂದಾಗ ಯಾರಿಗೂ ಹೇಳದೆ ಬಿ.ಪಿ. ಮಾತ್ರೆ ನಿಲ್ಲಿಸಿದೆ. ಬೆಳಿಗ್ಗೆ ಒಂದು ಬಿಡಿಸಿ ಸಿಂಕಿಗೆ ಹಾಕುವುದು, ನೀರು ಬಿಡುವುದು. ಒಂದು ತಿಂಗಳು ಹೀಗೆ ನಡೆಯಿತು. ನನ್ನ ಮುಖ ನೋಡಿ ಸರಳಾಳಿಗೆ ಏನನ್ನಿಸಿತೋ, "ಭಾವ, ನೀವು ಸರಿ ಇಲ್ಲ, ನಡೀರಿ" ಎಂದು ಶಿವಮೊಗ್ಗದ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಬಿಚ್ಚಿ ಇನ್ನೊಮ್ಮೆ ನೋಡಿದರು. "ಫಸ್ಟ್ ಕ್ಲಾಸ್! ಈಗ ತಗೊಳ್ತಿರೋ ಮಾತ್ರೆನೇ ಮುಂದುವರಿಸಿ" ಎಂದರು. ಸರಳಾ ಕೈಮುಗಿದಳು. ಅವಳ ಅಕ್ಕನ ಪ್ರಾರ್ಥನೆಯ ಶಕ್ತಿ ಎಷ್ಟೆಂದು ನನಗೊಬ್ಬನಿಗೇ ಗೊತ್ತಿತ್ತು.

ಸರಳಾಳನ್ನು ಅವಳ ಮನೆಗೆ ಕಳಿಸಿ, ಒಬ್ಬನೇ ಬರುವಾಗ ಭದ್ರಾವತಿಯ ಖಾಸಗಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಇನ್ನೆಷ್ಟು ವರ್ಷ ಹೀಗೆ ಎಂದು ಯೋಚಿಸುತ್ತಿದ್ದೆ. ಎದುರಿಗೆ ಲಾರಿಯೊಂದು ನುಗ್ಗಿತು. ಬಸ್ಸು ರಪ್ಪನೆ ಎಡಕ್ಕೆ ಸರಿದು, ಅಲುಗಾಡಿ, ನಿಂತಿತು. ನೋಡಿದರೆ ನಾನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೆ. "ಏಯ್, ಕಣ್ಣು ಕಾಣಲ್ವೇನಯ್ಯಾ, ಜೀವ ತೆಗೀತೀಯಾ!" ಎಂಬ ಕೂಗು ಇನ್ನೂ ನನ್ನ ಕಿವಿಯಲ್ಲೇ ಗುಂಯ್‌ಗುಡುತ್ತಿತ್ತು.

ಡ್ರೈವರ್ ಹಿಂದಕ್ಕೆ ತಿರುಗಿ, "ಯಜಮಾನ್ರೇ, ಏನೂ ಆಗಿಲ್ಲ, ಕೈ ಬಿಡಿ" ಎಂದ.

ಬಸ್ಸಿನ ತುಂಬ ಜನ ಇದ್ದರು. ಹೆಂಗಸರು, ಕಾಲೇಜಿನ ಹುಡುಗಿಯರು, ಮಡಿಲಲ್ಲಿ ಕೂಸಿಟ್ಟುಕೊಂಡ ಒಬ್ಬಾಕೆ. ಕೂಗಿದವನು ನಾನೊಬ್ಬನೇ.