ಸಿಹಿ ಎಲೆಯೂ ನನ್ನ ನಾಲಿಗೆಯೂ

ನನ್ನ ನಾಲಿಗೆಯ ಹಿರಿಮೆಯನ್ನು ನಾನೇ ಹೇಳಿಕೊಳ್ಳಬಾರದು. ಆದರೆ ನನ್ನ ಹೆಂಡತಿ ಹೇಳುವುದಿಲ್ಲವಾದ್ದರಿಂದ ಬೇರೆ ದಾರಿಯಿಲ್ಲ. ನಾನು ಕೇಕ್ ಮಾಡುವವನು. ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ, ಹಿಂದಿನದು ಒಲೆಮನೆ. ಮುಂದೆ ಗಲ್ಲಾದಲ್ಲಿ ಅವಳು, ಹಿಂದೆ ಬೆಂಕಿಯೆದುರು ನಾನು, ನಡುವೆ ಒಂದು ಪರದೆ. (ನಮ್ಮ ದಾಂಪತ್ಯ ಇಷ್ಟು ವರ್ಷ ಬಾಳಿಕೆ ಬಂದಿರುವುದರಲ್ಲಿ ಅರ್ಧ ಪುಣ್ಯ ಆ ಪರದೆಗೆ ಸಲ್ಲಬೇಕು.) ಮೈದಾ, ಬೆಣ್ಣೆ ಎಲ್ಲವನ್ನೂ ನಾನು ತೂಕ ಮಾಡಿಯೇ ಹಾಕುತ್ತೇನೆ. ಸಕ್ಕರೆಯನ್ನು ಮಾತ್ರ ತೂಗುವುದಿಲ್ಲ. ಸ್ವಲ್ಪ ಸುರಿದು, ಕಲಸಿ, ಬೆರಳಲ್ಲಿ ಹಿಟ್ಟು ತೆಗೆದು ನೆಕ್ಕಿ, ಮತ್ತೆ ಸುರಿದು, ಮತ್ತೆ ನೆಕ್ಕಿ, ನಾಲಿಗೆ 'ಸಾಕು' ಎಂದು ತೀರ್ಪು ಕೊಟ್ಟಾಗ ನಿಲ್ಲಿಸುತ್ತೇನೆ. ಅದರ ಮೇಲೆ ಅಪೀಲು ಇಲ್ಲ.

"ತಕ್ಕಡಿ ಇರೋದು ಯಾರಿಗೆ ರೀ?" ಎಂದು ಅವಳು ಆಗಾಗ ಕೇಳುತ್ತಾಳೆ.

"ನಾಲಿಗೆ ಇಲ್ಲದವರಿಗೆ."

"ನಿಮಗೆ ಇರೋದು ಗೊತ್ತು ಬಿಡಿ. ಇಡೀ ಬೀದಿಗೇ ಗೊತ್ತು."

ಹೀಗೆ ನೆಕ್ಕಿ ನೆಕ್ಕಿಯೇ ಇರಬೇಕು, ಒಂದು ದಿನ ಡಾಕ್ಟರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ ಕನ್ನಡಕ ತೆಗೆದರು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲವಂತೆ, ಆದರೆ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದೆಯಂತೆ. ಅಂದು ಸಂಜೆಯಿಂದಲೇ ನನ್ನ ಟೀಯಿಂದ ಸಕ್ಕರೆ ಗಡಿಪಾರಾಯಿತು. ನಾನು ಟೀ ಕುಡಿಯುವಾಗ ಮಾಡುತ್ತಿದ್ದ ಮುಖ ನೋಡಲಾರದೆ ಹೆಂಡತಿ ಗಿಡ ಮಾರುವವನಿಂದ ಒಂದು ಕುಂಡ ತಂದಳು. ಅದರಲ್ಲಿದ್ದದ್ದು ಸ್ಟೀವಿಯಾ, ಸಕ್ಕರೆಯ ಬದಲು ಬಳಸುವ ಸಿಹಿ ಎಲೆಯ ಗಿಡ. ಟೀಗೆ ಒಂದೆರಡು ಎಲೆ ಹಾಕಿಕೊಂಡರೆ ತೊಂದರೆಯಿಲ್ಲ ಎಂದು ಡಾಕ್ಟರನ್ನೂ ಕೇಳಿಕೊಂಡು ಬಂದಿದ್ದಳು.

ನೋಡಲು ಬೇಲಿ ಬದಿಯ ಕಳೆಯಂತಿತ್ತು. ಸಕ್ಕರೆಯೊಡನೆ ಜೀವ ತೇಯ್ದ ನನಗೆ ಈ ಸೊಪ್ಪು ಏನು ಸಿಹಿ ತೋರಿಸೀತು ಎಂದು ಒಂದು ಎಲೆ ಕಿತ್ತು ಅಗಿದೆ. ಅಗಿದವನು ಹಾಗೇ ನಿಂತುಬಿಟ್ಟೆ. ಸಕ್ಕರೆಯ ಸಿಹಿ ಬಂದು ಮಾತಾಡಿಸಿ ಹೋಗುವ ನೆಂಟ. ಈ ಎಲೆಯ ಸಿಹಿ ಹಾಸಿಗೆ ಸಮೇತ ಬಂದ ನೆಂಟ. ಕೊನೆಗೊಂದಿಷ್ಟು ಕಹಿ ತೋರಿಸಿತೇ ಹೊರತು ಎಷ್ಟು ಹೊತ್ತಾದರೂ ಏಳಲೇ ಇಲ್ಲ.

ಆ ಸಮಯಕ್ಕೇ ದೊಡ್ಡ ಆರ್ಡರ್ ಬಂತು. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಒಂದು ದೊಡ್ಡ ಆಫೀಸಿನ ಕ್ಯಾಂಟೀನು ನಡೆಸುತ್ತಾರೆ. ಅಲ್ಲಿಗೆ ದಿನಾ ಕೇಕ್ ಕೊಡುವ ಕೆಲಸ ನಮಗೇ ಸಿಗಲಿ ಎಂದು ಇವಳು ಅಕ್ಕನ ಹತ್ತಿರ ಕೇಳಿ, ಅತ್ತು, ಮಾತು ಬಿಟ್ಟು, ಮತ್ತೆ ಮಾತಾಡಿ, ಅಂತೂ ಒಂದು ದಿನದ ಪರೀಕ್ಷೆ ಗಿಟ್ಟಿಸಿದ್ದಳು. ಜನಕ್ಕೆ ಹಿಡಿಸಿದರೆ ಆರ್ಡರ್ ಕಾಯಂ. ಹಿಡಿಸದಿದ್ದರೆ ಇನ್ನು ಆ ಮಾತೇ ಎತ್ತಬಾರದು ಎಂದು ಭಾವ ಖಂಡಿತವಾಗಿ ಹೇಳಿದ್ದರು.

"ನನ್ನ ಮರ್ಯಾದೆ ನಿಮ್ಮ ಕೈಲಿದೆ," ಎಂದಳು ಹೆಂಡತಿ.

"ಕೈಲಲ್ಲ ಕಣೇ, ನಾಲಿಗೇಲಿ," ಎಂದೆ.

ಬೆಳಗಾಗುವ ಮುಂಚೆ ದೊಡ್ಡ ಪಾತ್ರೆಯ ಮುಂದೆ ನಿಂತಾಗ ನನಗೊಂದು ಭಯ ಹುಟ್ಟಿತು. ಅಷ್ಟೊಂದು ಹಿಟ್ಟಿನಲ್ಲಿ ನನ್ನ ಬೆರಳು ಒಮ್ಮೆ ಇಳಿದರೆ ಮೇಲೆ ಬರುವುದು ಅನುಮಾನ. ರುಚಿ ನೋಡುವ ನೆಪದಲ್ಲಿ ಬಟ್ಟಲುಗಟ್ಟಲೆ ಹೊಟ್ಟೆಗಿಳಿಯುತ್ತದೆ. ಆಗ ಹೊಳೆಯಿತು ಉಪಾಯ. ಬಾಯಿ ಮೊದಲೇ ಸಿಹಿಯಾಗಿದ್ದರೆ ಆಸೆ ಎಲ್ಲಿಂದ ಬರಬೇಕು? ಕುಂಡದಿಂದ ನಾಲ್ಕು ಎಲೆ ಕಿತ್ತು ಕೆನ್ನೆಯೊಳಗೆ ಒತ್ತಿಕೊಂಡೆ. ಪರದೆ ಸರಿಸಿದ ಹೆಂಡತಿ ಉಬ್ಬಿದ ಕೆನ್ನೆ ನೋಡಿದಳು.

"ಅದು ಟೀಗೆ ಅಂತ ತಂದಿದ್ದು. ಮೇಕೆ ಥರ ಮೇಯೋಕಲ್ಲ."

ಮಾತಾಡಿದರೆ ಎಲೆ ಉದುರುತ್ತದೆಂದು ಸುಮ್ಮನಿದ್ದೆ. (ನನ್ನ ಮೌನವನ್ನು ಅವಳು ವಿನಯವೆಂದು ತಿಳಿದು ಸಂತೋಷಪಟ್ಟಳು.) ಉಪಾಯ ಅಮೋಘವಾಗಿ ಫಲಿಸಿತು. ಆಸೆಯೇ ಆಗಲಿಲ್ಲ. ಸಕ್ಕರೆ ಸುರಿದೆ, ನೆಕ್ಕಿದೆ, ಇನ್ನೊಮ್ಮೆ ಸುರಿದೆ, ನೆಕ್ಕಿದೆ. ಎಂದಿಗಿಂತ ಬೇಗನೆ ನಾಲಿಗೆ 'ಸಾಕು' ಎಂದಿತು. ಕೇಕು ಬೆಂದು, ಆರಿ, ಅಂಚು ಕತ್ತರಿಸಿಕೊಂಡು ಕ್ಯಾಂಟೀನಿನ ವ್ಯಾನು ಹತ್ತಿ ಹೋಯಿತು.

ಕತ್ತರಿಸಿದ ಅಂಚುಗಳು ಯಾವಾಗಲೂ ಹೆಂಡತಿಯ ಪಾಲು. ಟೀ ಹಿಡಿದು ಕೂತು ಒಂದು ಚೂರು ಬಾಯಿಗಿಟ್ಟಳು. ಅಗಿಯುವುದು ನಿಂತಿತು.

"ಸಕ್ಕರೆ ಹಾಕಿದ್ರಾ?"

"ಹಾಕದೆ? ಜೇನಿದ್ದ ಹಾಗಿದೆ," ಎಂದು ಎಲೆಯನ್ನು ಇನ್ನೊಂದು ಕೆನ್ನೆಗೆ ತಳ್ಳಿ ನಾನೂ ಒಂದು ಚೂರು ತಿಂದೆ. ನಿಜವಾಗಿಯೂ ಜೇನಿದ್ದ ಹಾಗೇ ಇತ್ತು.

"ಬನ್ನಿಗೆ ಕೇಕಿನ ವೇಷ ಹಾಕಿದ ಹಾಗಿದೆ ರೀ."

"ನಿನ್ನ ನಾಲಿಗೆ ಕೆಟ್ಟಿದೆ."

ಅವಳು ತನ್ನ ಟೀ ಲೋಟವನ್ನು ನನ್ನ ಕೈಗಿತ್ತಳು. "ಕುಡೀರಿ. ಇದಕ್ಕೆ ನಾನು ಇನ್ನೂ ಸಕ್ಕರೆ ಹಾಕಿಲ್ಲ. ಹೇಗಿದೆ?"

ಕುಡಿದೆ. ಪಾಯಸದಷ್ಟು ಸಿಹಿಯಾಗಿತ್ತು. ಎಲೆ ಉಗಿದೆ, ಬಾಯಿ ಮುಕ್ಕಳಿಸಿದೆ, ಉಪ್ಪುನೀರು ಹಾಕಿಕೊಂಡೆ, ನಾಲಿಗೆಯನ್ನು ಟವೆಲಿನಿಂದ ಉಜ್ಜಿದೆ. ತುಂಬ ಹೊತ್ತು ಕಾದು ಮತ್ತೆ ಒಂದು ಚೂರು ತಿಂದಾಗ ಸತ್ಯದ ದರ್ಶನವಾಯಿತು. ಎಲೆ ಕೊಟ್ಟ ಸಿಹಿಯನ್ನೆಲ್ಲ ನಾನು ಹಿಟ್ಟಿನ ಲೆಕ್ಕಕ್ಕೆ ಬರೆದುಕೊಂಡಿದ್ದೆ.

"ಅಕ್ಕನಿಗೆ ನಾನು ಹೇಗೆ ಮುಖ ತೋರಿಸ್ಲಿ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ ಕಣ್ಣೊರೆಸಿಕೊಂಡಳು. ನನಗೆ ನಿಜವಾಗಿಯೂ ಸಂಕಟವಾಯಿತು. ಸ್ಕೂಟರ್ ಹತ್ತಿ ಕ್ಯಾಂಟೀನಿಗೆ ಓಡಿದೆ. ಕೈಕಾಲು ಹಿಡಿದಾದರೂ ಕೇಕು ವಾಪಸು ತರುವುದೆಂದು ನಿಶ್ಚಯಿಸಿದ್ದೆ.

ನಾನು ಮುಟ್ಟುವಷ್ಟರಲ್ಲಿ ಟೀ ವಿರಾಮ ಶುರುವಾಗಿತ್ತು. ಉದ್ದನೆಯ ಮೇಜುಗಳ ತುಂಬ ಜನ, ಜನರ ಕೈಯಲ್ಲೆಲ್ಲ ನನ್ನ ಕೇಕು. ಒಂದು ಕಂಬದ ಹಿಂದೆ ನಿಂತೆ. ಯಾರಾದರೂ ಉಗಿಯುತ್ತಾರೇನೋ ಎಂದು ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಭುಜದ ಮೇಲೆ ಕೈ ಬಿತ್ತು. ಭಾವ.

"ಏನಯ್ಯಾ, ಇಲ್ಲಿ ಏನು ಮಾಡ್ತಿದ್ದೀಯ?"

"ಕಂಬ ನೋಡ್ತಿದ್ದೆ ಭಾವ. ಗಟ್ಟಿಯಾಗಿದೆ."

"ಈ ಕೇಕು ನೀನೇ ಮಾಡಿದ್ದಾ?"

"ಭಾವ, ಒಂದು ತಪ್ಪಾಗಿಹೋಯ್ತು..."

"ತಪ್ಪಾ? ಟ್ರೇ ನೋಡು, ಒಂದು ಚೂರು ಉಳಿದಿದ್ರೆ ಹೇಳು. ನಿನ್ನ ಅಂಗಡಿ ಕೇಕ್ ಒಂದ್ಸಲ ತಿಂದು ನನ್ನ ಹಲ್ಲು ಜುಮ್ ಅಂದಿತ್ತು. ಅದಕ್ಕೇ ಇಷ್ಟು ದಿನ ತಪ್ಪಿಸಿಕೊಂಡು ತಿರುಗ್ತಿದ್ದೆ. ಇವತ್ತು ನೋಡು, ತಿನ್ನೋ ಹಾಗೆ ಮಾಡಿದ್ದೀಯ. ನಾಳೆಯಿಂದ ದಿನಾ ಕಳಿಸು. ಆದ್ರೆ ಇದೇ ರುಚಿ ಇರಬೇಕು. ಒಂದು ಹರಳು ಸಕ್ಕರೆ ಜಾಸ್ತಿಯಾದ್ರೂ ವಾಪಸ್ ಬರುತ್ತೆ."

ಹೋದ ಜೀವ ಬಂದಂತಾಯಿತು. ಕಂಬವನ್ನು ತಬ್ಬಿಕೊಂಡೇ ಸ್ವಲ್ಪ ಹೊತ್ತು ನಿಂತಿದ್ದೆ. ಹೊಗಳಿದರೋ ತೆಗಳಿದರೋ ಎಂದು ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮನೆಯವರೆಗೂ ಸ್ಕೂಟರಿನ ಮೇಲೆ ಹಾಡಿಕೊಂಡು ಬಂದೆ.

ಸುದ್ದಿ ಕೇಳಿ ಹೆಂಡತಿ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದಳು.

"ಇದೇ ರುಚಿ ಬೇಕು ಅಂದ್ರಲ್ವಾ. ಎಷ್ಟು ಸಕ್ಕರೆ ಹಾಕಿದ್ರಿ?"

"ಹದವಾಗಿ."

"ಹದ ಅಂದ್ರೆ ಎಷ್ಟು ಕೆಜಿ?"

ನಾನು ಛಾವಣಿ ನೋಡಿದೆ. ಅವಳು ಒಳಗೆ ಹೋಗಿ, ಅಂದು ಬೆಳಗ್ಗೆಯಷ್ಟೇ ಬಾಯಿ ಬಿಚ್ಚಿದ್ದ ಸಕ್ಕರೆ ಮೂಟೆಯನ್ನು ತಕ್ಕಡಿಗೆ ಎಳೆದು, ಉಳಿದದ್ದನ್ನು ತೂಗಿ, ಹೋದದ್ದನ್ನು ಕಂಡುಹಿಡಿದಳು. ನಾನು ಮಾಮೂಲಾಗಿ ಸುರಿಯುವುದರಲ್ಲಿ ಅರ್ಧವೂ ಆಗಿರಲಿಲ್ಲವಂತೆ. ಮರುದಿನದಿಂದ ಸಕ್ಕರೆ ಖಾತೆ ಅವಳ ಕೈಗೆ ಹೋಯಿತು. ಬೆರಳು ಪಾತ್ರೆಯ ಹತ್ತಿರ ಬಂದರೆ ಸೌಟು ಬೀಳುತ್ತದೆ. ಅಂಗಡಿಗೂ ಈಗ ಅದೇ ಕೇಕು. ಮುಂದಿನ ರಕ್ತಪರೀಕ್ಷೆಯಲ್ಲಿ ನನ್ನ ಸಕ್ಕರೆ ಹೊಸ್ತಿಲಿನಿಂದ ಇಳಿದು ಹೋಗಿತ್ತು. ಡಾಕ್ಟರು ಸ್ಟೀವಿಯಾ ಗಿಡವನ್ನು ಹೊಗಳಿದರು. ಹಿಟ್ಟು ನೆಕ್ಕುವುದು ನಿಂತ ವಿಷಯ ನಾನೇಕೆ ಹೇಳಲಿ? ಒಟ್ಟಿನಲ್ಲಿ ನಾನು ನಿಶ್ಚಿಂತನಾಗಿದ್ದೆ, ನಿನ್ನೆಯವರೆಗೆ.

ನಿನ್ನೆ ಸಂಜೆ ಆ ಆಫೀಸಿನ ಗುಮಾಸ್ತರೊಬ್ಬರು, ಹಿಂದೊಮ್ಮೆ ನಮ್ಮ ಕೇಕು ತಿಂದು ಮತ್ತೆ ಈ ಕಡೆ ಸುಳಿಯದವರು, ಅಂಗಡಿಗೆ ಬಂದರು. ನಾನು ಬಿಸಿ ಟ್ರೇ ಹಿಡಿದು ಪರದೆಯ ಹಿಂದಿದ್ದೆ.

"ಕ್ಯಾಂಟೀನಿಗೆ ಬರೋ ಕೇಕು ನಿಮ್ಮದೇ ಅಂತೆ ಅಮ್ಮಾ. ನಂಬೋಕೇ ಆಗ್ಲಿಲ್ಲ," ಎಂದರು. "ಮೊದಲು ಕೇಕ್ ಮಾಡ್ತಿದ್ದನಲ್ಲ, ಅವನನ್ನ ಕೆಲಸದಿಂದ ತೆಗೆದ್ರಾ?"

ಹೆಂಡತಿ ನನ್ನ ಮಾನ ಉಳಿಸುತ್ತಾಳೆಂದು ಪರದೆಗೆ ಕಿವಿ ಹಚ್ಚಿದೆ.

"ಇಲ್ಲಪ್ಪ, ತೆಗೆದಿಲ್ಲ," ಎಂದಳು ಅವಳು, ಕೇಕು ಕಟ್ಟಿಕೊಡುತ್ತಾ. "ಒಲೆ ಮುಂದೆ ಕೂರಿಸಿದ್ದೀನಿ. ಮಕ್ಕಳ ಅಪ್ಪ, ಎಲ್ಲಿಗೆ ಅಂತ ಕಳಿಸ್ಲಿ?"