ಹಳೇ ಆವೃತ್ತಿಗೆ ತೇಪೆ

ನನ್ನದು ಸದ್ದಿಲ್ಲದ ಕೆಲಸ. ಆದರೂ ಅದರ ಬೆನ್ನಿಗೆ ಒಂದಿಲ್ಲೊಂದು ಫಜೀತಿ ಇದ್ದೇ ಇರುತ್ತದೆ. ಕನ್ನಡದಲ್ಲಿ ಕಾರ್ಡು, ಚೀಟಿ ಅಚ್ಚು ಹಾಕುವ ಮುಕ್ತ ತಂತ್ರಾಂಶವೊಂದಿದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಹೊಸ ಆವೃತ್ತಿ ಬಂದರೂ ಕೈಗೆ ಒಗ್ಗಿದ ಹಳೆಯದನ್ನೇ ಇಟ್ಟುಕೊಂಡವರು ಬಹಳ. ಹೊಸದರಲ್ಲಿ ಸರಿಪಡಿಸಿದ ದೋಷವನ್ನು ಹಳೆಯದರಲ್ಲೂ ಸರಿಪಡಿಸಬೇಕು, ಬೇರೇನೂ ಅಲುಗಬಾರದು. ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ಕೂತು ನಾನು ಮಾಡುವುದು ಇದನ್ನೇ.

ಪಕ್ಕದ ಮನೆ

ಪಕ್ಕದ ಮನೆಯ ಅತ್ತಿ ಒಂದು ಸಂಜೆ ಕೇಳಿದರು, “ಮುಂಜಾನಿಂದ ಕುಂತೇ ಅದಿಯಲ್ಲವಾ, ಏನು ಮಾಡಿದಿ?”

“ಏನೂ ಬದಲಾಗದಂಗ ನೋಡಿಕೊಂಡೆ ಅತ್ತಿ.”

ಅತ್ತಿ ನಿಟ್ಟುಸಿರು ಬಿಟ್ಟರು. “ಅದನ್ನ ನಮ್ಮನಿಯವರು ರಿಟೈರ್ ಆದಾಗಿಂದ ಪುಕ್ಕಟೆ ಮಾಡಾಕತ್ಯಾರ!”

ಕುರುಗೋಡು

ಹಳೇ ಆವೃತ್ತಿ ಪ್ರತಿ ಸಲ ಅಚ್ಚಿಗೆ ಮುಂಚೆ ಒಂದು ಖಾಲಿ ಹಾಳೆ ಉಗುಳುತ್ತಿತ್ತು. ಅದನ್ನು ಸರಿಪಡಿಸಿ, ಬಳಸುವವರಿಗೆಲ್ಲ ಕಳಿಸಿ, ಒಳ್ಳೆಯ ಕೆಲಸವಾಯಿತು ಅಂತ ಹಿಗ್ಗಿದೆ. ಮರುದಿನ ಕುರುಗೋಡಿನಿಂದ ಮದುವೆ ಕಾರ್ಡು ಅಚ್ಚು ಹಾಕುವವರ ಫೋನು.

“ಮೇಡಂ, ಏನು ಮಾಡಿದ್ರಿ? ಖಾಲಿ ಹಾಳಿ ಬರತೈತಿ ಅಂತ ನಾ ದಿನಾ ಮ್ಯಾಲೊಂದು ರದ್ದಿ ಪೇಪರ್ ಇಡತಿದ್ದೆ.”

“ಇನ್ನ ಇಡಬ್ಯಾಡ್ರಿ, ಸರಿ ಆಗೇತಿ.”

“ಈಗ ಹೇಳ್ತೀರಲ್ರೀ! ಹುಡುಗ, ಹುಡುಗಿ, ಮುಹೂರ್ತ, ಎಲ್ಲಾ ರದ್ದಿ ಮ್ಯಾಲೇ ಬಿದ್ದೈತಿ. ಬೀಗರು ಎದುರಿಗೇ ಕುಂತಾರ!”

ನಾನು ದೋಷ ಅಂದುಕೊಂಡಿದ್ದರ ಸುತ್ತ ಒಬ್ಬ ಮನುಷ್ಯ ತನ್ನ ದಿನವನ್ನೇ ಹೊಂದಿಸಿಕೊಂಡಿದ್ದ. ಅಂದಿನಿಂದ ಏನನ್ನೇ ಸರಿಪಡಿಸುವ ಮೊದಲು, “ಇದರ ಜೋಡಿ ಹೆಂಗ ಸಂಸಾರ ಮಾಡಾಕತ್ತೀರಿ?” ಅಂತ ಬಳಸುವವರನ್ನು ಕೇಳುತ್ತೇನೆ.

ಸಿರುಗುಪ್ಪ

ಸಿರುಗುಪ್ಪದ ರೈಸ್ ಮಿಲ್ ಮಾಲೀಕರು ಫೋನಿನಲ್ಲಿ ಅಳುವುದೊಂದು ಬಾಕಿ. “ಲಗೂನ ಬರ್ರಿ ಮೇಡಂ, ಮನ್ಯಾಕಿ ಲಾರಿ ಮುಂದ ನಿಂತಾಳ.”

ಬಸ್ಸು ಹತ್ತಿ ಹೋದೆ. ಲೋಡಾದ ಲಾರಿಗೆ ಅಡ್ಡವಾಗಿ, ಸೆರಗು ಬಿಗಿದುಕೊಂಡು ಅವರ ಹೆಂಡತಿ ನಿಂತಿದ್ದರು. ಲಾರಿಯಲ್ಲಿದ್ದ ಪ್ರತಿ ಚೀಲದ ಚೀಟಿಯ ಮೇಲೂ ಮಾಲೀಕರು ಪ್ರೀತಿಯಿಂದ ಹಾಕಿಸಿದ ಆಕೆಯ ನಗುಮುಖದ ಫೋಟೋ. ಅದರ ಕೆಳಗೆ ‘ಹಳೇ ಅಕ್ಕಿ’ ಎಂದು ಬರಬೇಕಿತ್ತು. ಹೊಸ ಪ್ರಿಂಟರ್ ಜೋಡಿಸಿದ್ದೇ ತಡ, ಹಳೇ ಆವೃತ್ತಿಯಲ್ಲಿ ಒತ್ತಕ್ಷರ ಉದುರಿಹೋಗಿ ‘ಹಳೇ ಅಕಿ’ ಅಂತ ಬಂದಿತ್ತು. ನಮ್ಮ ಕಡೆ ಅಕಿ ಅಂದರೆ ಅವಳು.

“ಹಳೇ ಅಕಿ ಅಂದ್ರ ನಾನೇನ್ರೀ?” ಅಂತ ನನ್ನನ್ನೇ ಕೇಳಿದರು. ಕಣ್ಣಲ್ಲಿ ನೀರಿತ್ತು. ನನಗೆ ನಗು ಬರಲಿಲ್ಲ.

“ಇದು ಸಾಫ್ಟ್‌ವೇರ್ ತಪ್ಪು ಅಕ್ಕಾ, ಯಜಮಾನರದ್ದಲ್ಲ.”

ಆಕೆ ನನ್ನ ಕೈಹಿಡಿದು ಇನ್ನೊಂದು ರಾಶಿಯತ್ತ ಕರೆದೊಯ್ದರು. ಅಲ್ಲಿನ ಚೀಟಿಯಲ್ಲಿ ಫೋಟೋ ಇಲ್ಲ, ಬರೀ ‘ಹೊಸಾ ಅಕಿ, ೨೫ ಕಿಲೋ’.

“ಹಂಗಾರ ಈಕಿ ಯಾರು?”

ಅಲ್ಲೇ ಕೂತು, ಹೊಸ ಆವೃತ್ತಿಯಲ್ಲಿದ್ದ ತಿದ್ದುಪಡಿಯನ್ನು ಹಳೆಯದಕ್ಕೆ ಹೊಂದಿಸಿ ಅಚ್ಚು ಹಾಕಿಸಿದೆ. ಅಕ್ಕಿ ಅಕ್ಕಿಯಾಯಿತು. ಅಕ್ಕ ಒಂದೊಂದೇ ಅಕ್ಷರ ಓದಿ, ಲಾರಿ ಬಿಟ್ಟು ಸರಿದು, ನನಗೆ ಚಹಾ ತರಲು ಒಳಗೆ ಹೋದರು.

ಹೊರಡುವಾಗ ಮಾಲೀಕರಿಗೆ ಹೇಳಿದೆ, “ಹಳೇದನ್ನ ಎಷ್ಟು ದಿನ ಅಂತ ಇಟ್ಕೋತೀರಿ? ಹೊಸಾದು ಭಾಳ ಚಂದ ಐತಿ, ತಂದು ಬಿಡ್ರಿ.”

ಅವರು ಗಾಬರಿಯಿಂದ ಒಳಬಾಗಿಲು ನೋಡಿ ಎರಡೂ ಕೈ ಮುಗಿದರು. “ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ಮೆಲ್ಲಕ ಮಾತಾಡ್ರಿ!”